ಕೆಮ್ಮಿದಾಗ ರಕ್ತ: ಮೊದಲು ಉಸಿರು, ಆಮೇಲೆ ರಕ್ತನಾಳ

ರಕ್ತದಾನ ಶಿಬಿರಕ್ಕೆ ಬಂದವರು 350 ಮಿಲಿಲೀಟರ್ ರಕ್ತ ಕೊಟ್ಟು, ಎರಡು ಬಿಸ್ಕತ್ತು ತಿಂದು, ಹಣ್ಣಿನ ರಸ ಕುಡಿದು ತಮ್ಮ ಪಾಡಿಗೆ ಕೆಲಸಕ್ಕೆ ಹೋಗುತ್ತಾರೆ. ಅದರ ಅರ್ಧಕ್ಕಿಂತ ಕಡಿಮೆ ರಕ್ತ ಉಸಿರಿನ ದಾರಿಯೊಳಗೆ ಒಮ್ಮೆಗೇ ಸುರಿದರೆ ಅದೇ ಗಟ್ಟಿಮುಟ್ಟಾದ ಮನುಷ್ಯ ನಿಮಿಷಗಳಲ್ಲಿ ಪ್ರಾಣ ಬಿಡಬಹುದು. ಮೂಗಿನಿಂದ ಹಿಡಿದು ಶ್ವಾಸಕೋಶದ ಗಾಳಿಚೀಲಗಳ ಬಾಗಿಲವರೆಗಿನ ಕೊಳವೆಗಳೆಲ್ಲ ಸೇರಿ ಹಿಡಿಯುವುದೇ ಸುಮಾರು 150 ಮಿಲಿಲೀಟರ್. ಅಷ್ಟು ತುಂಬಿತೆಂದರೆ ಗಾಳಿಗೆ ಜಾಗವಿಲ್ಲ.

ಕೆಮ್ಮಿನೊಂದಿಗೆ ಧಾರಾಳವಾಗಿ ರಕ್ತ ಬರುವವರು ಸಾಮಾನ್ಯವಾಗಿ ಸಾಯುವುದು ರಕ್ತ ಬತ್ತಿ ಅಲ್ಲ, ಉಸಿರು ಕಟ್ಟಿ. ಈ ಒಂದು ಸಂಗತಿ ಮನಸ್ಸಿನಲ್ಲಿ ಕುಳಿತರೆ ಚಿಕಿತ್ಸೆಯ ಉಳಿದ ಭಾಗ ಒಂದರ ಹಿಂದೆ ಒಂದಾಗಿ ಬಿಚ್ಚಿಕೊಳ್ಳುತ್ತದೆ. ವೈದ್ಯರು ರಕ್ತದ ಬಾಟಲಿ ಏರಿಸುವ ಮೊದಲೇ ಗಂಟಲಿಗೆ ಕೊಳವೆ ಹಾಕುವುದು ಏಕೆ, ರೋಗಿಯನ್ನು ಒಂದೇ ಮಗ್ಗುಲಿಗೆ ಮಲಗಿಸುವುದು ಏಕೆ, ಮಡಿಕೇರಿಯಿಂದ ಮೈಸೂರಿಗೆ ಕಳಿಸುವ ಮುಂಚೆ ಅರ್ಧ ಗಂಟೆ ‘ಸುಮ್ಮನೆ’ ಇಟ್ಟುಕೊಂಡರಲ್ಲ ಎಂದು ಮನೆಯವರು ಸಿಡುಕುವಾಗ ಒಳಗೆ ನಡೆಯುತ್ತಿರುವುದೇನು, ಎಲ್ಲಕ್ಕೂ ಉತ್ತರ ಅಲ್ಲಿದೆ.

ಎಷ್ಟು ಬಂದರೆ ಅದು ತೀವ್ರ? ವೈದ್ಯಕೀಯ ಪುಸ್ತಕಗಳಲ್ಲೇ ಒಮ್ಮತವಿಲ್ಲ. 24 ಗಂಟೆಯಲ್ಲಿ 100 ಮಿಲಿಲೀಟರ್ ಎನ್ನುವವರಿದ್ದಾರೆ, 600 ಎನ್ನುವವರೂ ಇದ್ದಾರೆ. ಈಗೀಗ ಲೆಕ್ಕಕ್ಕಿಂತ ಮೂರು ವಿಷಯಗಳನ್ನು ನೋಡುತ್ತಾರೆ: ಎಷ್ಟು ವೇಗವಾಗಿ ಬರುತ್ತಿದೆ, ರೋಗಿ ಅದನ್ನು ಕೆಮ್ಮಿ ಹೊರಹಾಕಬಲ್ಲನೇ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತಿದೆಯೇ. ನಲವತ್ತು ವರ್ಷ ಬೀಡಿ ಸೇದಿ, ಮೆಟ್ಟಿಲು ಹತ್ತಿದರೂ ಏದುಸಿರು ಬಿಡುವವರಿಗೆ ಅರ್ಧ ಲೋಟವೇ ಹೆಚ್ಚಾಗಬಹುದು. ಗಂಟೆಗೆ 100 ಮಿಲಿಲೀಟರಿಗಿಂತ ಹೆಚ್ಚು ಬರುತ್ತಿದ್ದರೆ ಯಾರ ವಿಷಯದಲ್ಲಾದರೂ ಅದು ಜೀವಕ್ಕೆ ಅಪಾಯ.

ದೊಡ್ಡ ರಕ್ತಸ್ರಾವಕ್ಕೆ ಮುಂಚೆ ಅನೇಕರಲ್ಲಿ ಸಣ್ಣದೊಂದು ಬಂದು ಹೋಗಿರುತ್ತದೆ. ಕಫದಲ್ಲಿ ಒಂದು ಗೆರೆ, ಬೆಳಿಗ್ಗೆ ಒಂದು ಹನಿ. ಅದಕ್ಕೆ ನಮ್ಮ ಊರುಗಳಲ್ಲಿ ಸಿದ್ಧ ಉತ್ತರವಿದೆ: ‘ಉಷ್ಣ ಆಗಿದೆ.’ ಎಳನೀರು, ಮಜ್ಜಿಗೆ, ಎರಡು ದಿನ ರಜೆ; ರಕ್ತ ನಿಂತಿತೆಂದರೆ ಮಾತು ಅಲ್ಲಿಗೆ ಮುಗಿಯಿತು. ನನಗೆ ಈ ಉಷ್ಣದ ಮೇಲೆ ವಿಶೇಷ ಸಿಟ್ಟಿದೆ. ರಕ್ತ ತಾನಾಗಿ ನಿಂತದ್ದನ್ನೇ ಅದು ಗುಣವೆಂದು ಲೆಕ್ಕ ಹಾಕುತ್ತದೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಇನ್ನೊಂದು ತೊಡಕು. ಎಲೆ ಅಡಿಕೆ ಹಾಕುವವರು ಕೆಂಪು ಉಗುಳನ್ನು ದಿನಕ್ಕೆ ಹತ್ತು ಸಲ ಕಾಣುತ್ತಾರೆ. ತೋಟದ ಕೆಲಸಗಾರರ ಲೈನ್ ಮನೆಯ ಜಗಲಿಯಲ್ಲಿ ಕುಳಿತು ಕೆಮ್ಮುತ್ತಿರುವ ಹಿರಿಯರಿಗೆ ತೋಟದ ಲೆಕ್ಕ ಬರೆಯುವ ರೈಟರ್ “ಅಜ್ಜ, ಅದು ರಕ್ತವಲ್ಲವೇ?” ಎಂದು ಕೇಳಿದರೆ, “ಇಲ್ಲ ಸ್ವಾಮಿ, ಎಲೆ ಅಡಿಕೆ” ಎಂಬ ಉತ್ತರ ಬರುತ್ತದೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ, ಹಾಗೆಂದೇ ನಂಬಿರುತ್ತಾರೆ. ಪರೀಕ್ಷೆ ಸರಳ: ಬಾಯಿ ಚೆನ್ನಾಗಿ ಮುಕ್ಕಳಿಸಿ, ಬಿಳಿ ಬಟ್ಟೆಯ ಮೇಲೆ ಮತ್ತೆ ಕೆಮ್ಮಿಸಿ. ಎಲೆಯ ರಸದಲ್ಲಿ ಅಡಿಕೆ ಚೂರು ಇರುತ್ತದೆ, ಕೆಂಪು ಕಂದಿದಂತಿರುತ್ತದೆ. ಶ್ವಾಸಕೋಶದ ರಕ್ತ ತಿಳಿಗೆಂಪು, ಕಫ ಬೆರೆತಿರುತ್ತದೆ, ಗಾಳಿ ಸೇರಿ ನೊರೆಯಾಡುತ್ತದೆ.

ಹೊಟ್ಟೆಯಿಂದ ಬಂದ ರಕ್ತವೂ ಬಾಯಿಂದಲೇ ಬರುತ್ತದೆ. ಆದರೆ ಅದು ವಾಂತಿಯ ಜೊತೆ, ಅನ್ನದ ಅಗುಳಿನ ಜೊತೆ, ಹೆಚ್ಚಾಗಿ ಕಪ್ಪಾಗಿ ಬರುತ್ತದೆ. ಹೊಟ್ಟೆಯ ಆಮ್ಲ ತಾಗಿದ ರಕ್ತವನ್ನು ವೈದ್ಯರು ಜಗತ್ತಿನಾದ್ಯಂತ ಕಾಫಿ ಚರಟದ ಬಣ್ಣ ಎಂದೇ ಬರೆಯುತ್ತಾರೆ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡಕ್ಕೂ ಚಿಕಿತ್ಸೆ ಬೇರೆ, ತಜ್ಞರು ಬೇರೆ. ಆದ್ದರಿಂದ ಆಸ್ಪತ್ರೆಯಲ್ಲಿ “ರಕ್ತ ಬಂತು” ಎನ್ನುವುದಕ್ಕಿಂತ “ಕೆಮ್ಮಿದಾಗ ಬಂತು” ಅಥವಾ “ವಾಂತಿಯಲ್ಲಿ ಬಂತು” ಎಂದು ಹೇಳಿದರೆ ಎಷ್ಟೋ ಸಮಯ ಉಳಿಯುತ್ತದೆ.

ಇನ್ನು ರಕ್ತ ಬರುವ ಮೂಲ. ಶ್ವಾಸಕೋಶಕ್ಕೆ ಎರಡು ಬೇರೆ ಬೇರೆ ರಕ್ತದ ಸರಬರಾಜು ಇದೆ. ಒಂದು ಹೃದಯದ ಬಲಭಾಗದಿಂದ ಬರುವ ದೊಡ್ಡ ಹರಿವು. ದೇಹದ ಇಡೀ ರಕ್ತ ಆಮ್ಲಜನಕ ತುಂಬಿಕೊಳ್ಳಲು ಈ ದಾರಿಯಲ್ಲೇ ಹೋಗುತ್ತದೆ, ಆದರೆ ಒತ್ತಡ ಬಹಳ ಕಡಿಮೆ, ಹೆಚ್ಚೆಂದರೆ 25ರ ಆಸುಪಾಸು. ಇನ್ನೊಂದು, ಮಹಾಪಧಮನಿಯಿಂದಲೇ ನೇರವಾಗಿ ಕವಲೊಡೆದು ಶ್ವಾಸನಾಳದ ಗೋಡೆಗೆ ಆಹಾರ ಒಯ್ಯುವ ಸಣ್ಣ ನಾಳಗಳು, ಅಂದರೆ ಬ್ರಾಂಕಿಯಲ್ ಅಪಧಮನಿಗಳು. ಹೃದಯ ಪಂಪು ಮಾಡುವ ರಕ್ತದಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಇವುಗಳ ಪಾಲಿಗೆ. ಆದರೆ ಒತ್ತಡ ನಾವು ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ಅದೇ 120. ಗದ್ದೆಗೆ ಇಳಿಜಾರಿನಲ್ಲಿ ಹರಿಯುವ ತೋಡಿನ ಏರಿ ಒಡೆದರೆ ಎರಡು ಬುಟ್ಟಿ ಮಣ್ಣು ಮೆತ್ತಿ ನಿಲ್ಲಿಸಬಹುದು. ಕಾಫಿ ಹೂ ಅರಳಿಸುವ ಹೂಮಳೆ ಬಾರದ ಮಾರ್ಚಿನಲ್ಲಿ ಡೀಸೆಲ್ ಪಂಪು ಹಾಕಿ ಸ್ಪ್ರಿಂಕ್ಲರ್ ಬಿಟ್ಟಾಗ ಪೈಪಿನ ಜಾಯಿಂಟ್ ಕಿತ್ತುಕೊಂಡರೆ ಹತ್ತಿರ ಹೋಗುವುದೂ ಕಷ್ಟ. ತೀವ್ರ ರಕ್ತಸ್ರಾವದ ಹತ್ತರಲ್ಲಿ ಸುಮಾರು ಒಂಬತ್ತು ಪ್ರಕರಣಗಳಲ್ಲಿ ಒಡೆದಿರುವುದು ಈ ಎರಡನೆಯ, ಒತ್ತಡದ ಸಾಲು.

ಆರೋಗ್ಯವಂತರಲ್ಲಿ ಈ ನಾಳಗಳು ದಾರದಷ್ಟು ತೆಳ್ಳಗೆ, ನಿರುಪದ್ರವಿ. ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಸೋಂಕು, ಉರಿಯೂತ ನಿಂತರೆ ಅವು ಉಬ್ಬಿ, ಸುರುಳಿ ಸುತ್ತಿ, ಹೊಸ ಕವಲು ಒಡೆದು ಹರಡುತ್ತವೆ. ಹೊಸ ಕವಲಿನ ಗೋಡೆ ಬಲು ತೆಳು. ಒಂದು ಜೋರು ಕೆಮ್ಮು ಸಾಕು.

ಹೀಗೆ ವರ್ಷಗಟ್ಟಲೆ ಉರಿಯೂತ ಉಳಿಸುವ ಕಾಯಿಲೆ ನಮ್ಮಲ್ಲಿ ಮುಖ್ಯವಾಗಿ ಕ್ಷಯ. ಈಗಿರುವ ಕ್ಷಯ ಮಾತ್ರವಲ್ಲ, ಎಂದೋ ವಾಸಿಯಾದದ್ದೂ. ಹದಿನೈದು ವರ್ಷದ ಹಿಂದೆ ಮಾತ್ರೆ ನುಂಗಿ ಪೂರ್ತಿ ಗುಣವಾದವರಲ್ಲೂ ಶ್ವಾಸನಾಳ ಅಗಲವಾಗಿ ಕಫ ನಿಲ್ಲುವ ಹೊಂಡವಾಗಿ ಉಳಿದಿರಬಹುದು. ಇದೇ ಬ್ರಾಂಕಿಯೆಕ್ಟಸಿಸ್. ಅಥವಾ ಹಳೆಯ ಕುಳಿಯೊಳಗೆ ಆಸ್ಪರ್ಜಿಲಸ್ ಎಂಬ ಬೂಷ್ಟು ಉಂಡೆಕಟ್ಟಿ ಬೆಳೆದಿರಬಹುದು. ಆ ಉಂಡೆಯ ಸುತ್ತಲಿನ ಗೋಡೆಯಿಂದ ಬರುವ ರಕ್ತ ಹಟಮಾರಿ, ನಿಲ್ಲಿಸಿದರೂ ಮರುಕಳಿಸುತ್ತದೆ. ಆದ್ದರಿಂದಲೇ ವೈದ್ಯರು “ಹಿಂದೆ ಯಾವಾಗಲಾದರೂ ಟಿಬಿ ಮಾತ್ರೆ ತೆಗೆದುಕೊಂಡಿದ್ದಿರಾ?” ಎಂದು ಕೇಳುವುದು. ಮನೆಗೆ ಸೊಸೆ ತರುವ ಮಾತುಕತೆ ನಡೆಯುತ್ತಿದೆಯೆಂದು ಅದನ್ನು ಮುಚ್ಚಿಡಬೇಡಿ.

ಶ್ವಾಸಕೋಶದ ಕ್ಯಾನ್ಸರ್, ಕೀವುಗಟ್ಟಿದ ನ್ಯುಮೋನಿಯಾ, ಕಾಲಿನಿಂದ ಹೊರಟು ಶ್ವಾಸಕೋಶಕ್ಕೆ ಸಿಕ್ಕಿಕೊಂಡ ರಕ್ತದ ಗಡ್ಡೆ, ಸಂಧಿವಾತ ಜ್ವರದಿಂದ ಕಿರಿದಾದ ಹೃದಯದ ಮೈಟ್ರಲ್ ಕವಾಟ, ರಕ್ತ ತೆಳುಮಾಡುವ ಮಾತ್ರೆ ಹೆಚ್ಚಾಗುವುದು, ಇವೂ ಪಟ್ಟಿಯಲ್ಲಿವೆ. ಕೊಡಗಿನ ಮಳೆಗಾಲಕ್ಕೆ ಇನ್ನೊಂದನ್ನು ಬೇರೆಯಾಗಿಯೇ ಹೇಳಬೇಕು: ಇಲಿಜ್ವರ. ಜುಲೈ, ಆಗಸ್ಟಿನಲ್ಲಿ ನಾಟಿ ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ನಿಂತವರಿಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು, ಆಮೇಲೆ ಕೆಮ್ಮಿನಲ್ಲಿ ರಕ್ತ ಬಂದರೆ ತಡಮಾಡಬಾರದು. ಇಲ್ಲಿ ಯಾವುದೋ ಒಂದು ನಾಳ ಒಡೆದಿರುವುದಿಲ್ಲ. ಎರಡೂ ಶ್ವಾಸಕೋಶದ ಗಾಳಿಚೀಲಗಳಲ್ಲೆಲ್ಲ ರಕ್ತ ಜಿನುಗುತ್ತಿರುತ್ತದೆ. ಮುಂದೆ ಹೇಳುವ ನಾಳ ಮುಚ್ಚುವ ಚಿಕಿತ್ಸೆ ಇದಕ್ಕೆ ಉಪಯೋಗವಿಲ್ಲ. ಬೇಕಾಗುವುದು ಬೇಗ ಶುರುವಾದ ಆ್ಯಂಟಿಬಯೋಟಿಕ್ ಮತ್ತು ವೆಂಟಿಲೇಟರ್.

ಮನೆಯಲ್ಲಿ ಆಗಬೇಕಾದ ಕೆಲಸ ಕಡಿಮೆ, ಆದರೆ ತಪ್ಪಾಗುವುದು ಹೆಚ್ಚು. ಗಾಬರಿಯಲ್ಲಿ ಎಲ್ಲರೂ ರೋಗಿಯನ್ನು ಅಂಗಾತ ಮಲಗಿಸುತ್ತಾರೆ, ಬಾಯಿಗೆ ನೀರು ಬಿಡುತ್ತಾರೆ. ಎರಡೂ ಬೇಡ. ಎಚ್ಚರವಿದ್ದರೆ ಮುಂದಕ್ಕೆ ಬಾಗಿ ಕುಳಿತುಕೊಳ್ಳಲಿ, ಕೆಮ್ಮಲಿ, ಉಗುಳಲಿ. ಕೆಮ್ಮು ನಿಲ್ಲಿಸುವ ಸಿರಪ್ಪು ಕೊಡಲೇಬಾರದು. ಆ ಹೊತ್ತಿನಲ್ಲಿ ಉಸಿರಿನ ದಾರಿಯನ್ನು ತೆರೆದಿಟ್ಟಿರುವುದು ಆ ಕೆಮ್ಮೇ. ಯಾವ ಕಡೆಯ ಶ್ವಾಸಕೋಶದಲ್ಲಿ ಕಾಯಿಲೆ ಇದೆ ಎಂಬುದು ಹಳೆಯ ಎಕ್ಸ್‌ರೇಯಿಂದ ಗೊತ್ತಿದ್ದು, ಮಲಗಲೇಬೇಕಾದರೆ, ಆ ಕಡೆಯೇ ಕೆಳಗೆ ಬರುವಂತೆ ಮಗ್ಗುಲಾಗಿ ಮಲಗಿಸಿ. ಕೇಳಲು ವಿಚಿತ್ರ, ಕಾಯಿಲೆಯ ಕಡೆಗೆ ಭಾರ ಹಾಕುವುದೇ ಎಂದು ಅಜ್ಜಿಯರು ತಕರಾರು ತೆಗೆಯುತ್ತಾರೆ. ಆದರೆ ರಕ್ತ ಇಳಿಯುವುದು ಕೆಳಕ್ಕೆ. ಕೆಟ್ಟ ಶ್ವಾಸಕೋಶ ಮೇಲಿದ್ದರೆ ಅದರ ರಕ್ತವೆಲ್ಲ ಒಳ್ಳೆಯದಕ್ಕೆ ಹರಿದು, ಇರುವ ಒಂದೂ ಮುಳುಗುತ್ತದೆ. ಬಂದ ರಕ್ತವನ್ನು ಚೆಲ್ಲದೆ ಒಂದು ಪಾತ್ರೆಯಲ್ಲಿ ಹಿಡಿಯಿರಿ, ಇಲ್ಲವೇ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಗಾಬರಿಯಲ್ಲಿ ಎಲ್ಲರ ಲೆಕ್ಕವೂ ಒಂದು ಬಕೆಟ್ ಆಗಿರುತ್ತದೆ. ಹತ್ತಿರ ನಿಂತವರು ಮಾಸ್ಕ್ ಹಾಕಿಕೊಳ್ಳಿ, ಕ್ಷಯ ಇರಬಹುದು.

108ಕ್ಕೆ ಕರೆ ಮಾಡಿ. ತೋಟದ ಜೀಪು ಬೇಗ ಸಿಗುತ್ತದೆ ನಿಜ, ಆದರೆ ಆಂಬುಲೆನ್ಸಿನಲ್ಲಿ ಆಮ್ಲಜನಕ ಇರುತ್ತದೆ, ಬಾಯಲ್ಲಿ ನಿಂತ ರಕ್ತ ಹೀರುವ ಸಕ್ಷನ್ ಯಂತ್ರ ಇರುತ್ತದೆ. ನೆಟ್‌ವರ್ಕ್ ಇಲ್ಲದ ಕಣಿವೆಯಲ್ಲಿದ್ದರೆ ಜೀಪಿನಲ್ಲೇ ಹೊರಡಿ, ಹತ್ತಿರದ ಆಸ್ಪತ್ರೆಯವರೆಗೆ ಮಾತ್ರ. ನಾಪೋಕ್ಲಿನಿಂದಲೋ ಸಿದ್ದಾಪುರದಿಂದಲೋ ‘ನೇರ ಮೈಸೂರಿಗೇ ಹೋಗಿಬಿಡೋಣ’ ಎಂಬ ಧೈರ್ಯ ಈ ಕಾಯಿಲೆಯಲ್ಲಿ ಒಳ್ಳೆಯದಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಂಗಳೂರಿಗೆ ಸಂಪಾಜೆ ಘಾಟಿ ಇಳಿದು ಇನ್ನೂ ಸ್ವಲ್ಪ ಹೆಚ್ಚು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಆ ಘಾಟಿ ದಾರಿಯೇ ಮುಚ್ಚಿತ್ತು. ಗೋಣಿಕೊಪ್ಪಲಿನಿಂದ ತಿತಿಮತಿ, ಆನೆಚೌಕೂರಿನ ಕಾಡುದಾರಿ ಹಿಡಿದರೆ ರಾತ್ರಿ ಆನೆ ಅಡ್ಡ ನಿಂತಿರಬಹುದು. ಆ ತಿರುವುಗಳಲ್ಲಿ, ಓಡುವ ವಾಹನದೊಳಗೆ, ರಕ್ತ ತುಂಬಿದ ಗಂಟಲಿಗೆ ಕೊಳವೆ ಹಾಕುವುದು ನುರಿತ ಅರಿವಳಿಕೆ ತಜ್ಞರಿಗೂ ಕಷ್ಟ. ರಕ್ತ ಜೋರಾಗಿದ್ದರೆ ಆ ಕೆಲಸವನ್ನು ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಂಥ ಕಡೆ, ಬೆಳಕಿರುವ ಮೇಜಿನ ಮೇಲೆ, ಹೊರಡುವ ಮೊದಲೇ ಮುಗಿಸಬೇಕು. ಆ ಅರ್ಧ ಗಂಟೆ ವ್ಯರ್ಥವಲ್ಲ.

ಆ ಕೊಳವೆಯ ಬಗ್ಗೆ ಎರಡು ಮಾತು. ಹಾಕುವ ಕೊಳವೆ ದಪ್ಪಗಿರಬೇಕು, ಒಳ ವ್ಯಾಸ 8 ಮಿಲಿಮೀಟರ್ ಅಥವಾ ಹೆಚ್ಚು. ಮುಂದೆ ಅದರೊಳಗಿಂದಲೇ ಶ್ವಾಸನಾಳದ ಒಳಗನ್ನು ನೋಡುವ ಬ್ರಾಂಕೋಸ್ಕೋಪು ಇಳಿಯಬೇಕು, ಹೆಪ್ಪುಗಟ್ಟಿದ ರಕ್ತ ಹೊರಗೆ ಬರಬೇಕು. ರಕ್ತ ಎಡಗಡೆಯಿಂದ ಬರುತ್ತಿದೆಯೆಂದು ಖಚಿತವಿದ್ದರೆ ಕೊಳವೆಯನ್ನು ಇನ್ನಷ್ಟು ಕೆಳಗೆ ತಳ್ಳಿ ಬಲ ಶ್ವಾಸನಾಳದೊಳಗೇ ಕೂರಿಸುವುದುಂಟು. ಬಲಗಡೆಯ ನಾಳ ನೇರವಾಗಿರುವುದರಿಂದ ಅದು ಬಹುಮಟ್ಟಿಗೆ ತಾನೇ ಅಲ್ಲಿಗೆ ಹೋಗುತ್ತದೆ. ರೋಗಿ ಒಂದೇ ಶ್ವಾಸಕೋಶದಲ್ಲಿ ಉಸಿರಾಡುತ್ತಾನೆ, ಅಷ್ಟು ಸಾಕು. ದೊಡ್ಡ ಆಸ್ಪತ್ರೆಗಳಲ್ಲಿ ತುದಿಯಲ್ಲಿ ಬಲೂನು ಇರುವ ತೆಳು ಕೊಳವೆಯನ್ನು ರಕ್ತ ಬರುವ ಕಡೆಯ ನಾಳಕ್ಕೆ ಇಳಿಸಿ, ಬಲೂನು ಉಬ್ಬಿಸಿ ಬಿರಡೆ ಹಾಕುತ್ತಾರೆ. ಬ್ರಾಂಕೋಸ್ಕೋಪಿನ ಮೂಲಕ ಮಂಜಿನಷ್ಟು ತಣ್ಣನೆಯ ಸಲೈನ್, ಅಡ್ರಿನಲಿನ್ ಬಿಟ್ಟು ನಾಳ ಸಂಕುಚಿಸುವಂತೆ ಮಾಡುತ್ತಾರೆ. ಇವೆಲ್ಲ ಸ್ವಲ್ಪ ಹೊತ್ತು ಗಳಿಸಿಕೊಡುವ ಉಪಾಯಗಳು. ಶಾಶ್ವತ ಪರಿಹಾರ ಅಲ್ಲ.

ಹೊತ್ತು ಕೊಡುವ ಇನ್ನೊಂದು ಸಾಧನ ಟ್ರಾನೆಕ್ಸಾಮಿಕ್ ಆಮ್ಲ. ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೋಸುಕೆ 1962ರಲ್ಲಿ ಪ್ರಕಟಿಸಿದ ಈ ಔಷಧ ಕಟ್ಟಿದ ಹೆಪ್ಪು ಕರಗದಂತೆ ತಡೆಯುತ್ತದೆ. ಹೆರಿಗೆಯ ನಂತರದ ರಕ್ತಸ್ರಾವಕ್ಕೂ ಬಳಸುವುದರಿಂದ ಸಣ್ಣ ಆಸ್ಪತ್ರೆಗಳಲ್ಲೂ ಸಿಗುತ್ತದೆ, ಅಗ್ಗ. ಇಂಜೆಕ್ಷನ್ ಆಗಿ ಕೊಡಬಹುದು. ಆಸ್ತಮಾದವರಿಗೆ ಹಿಡಿಯುವ ನೆಬ್ಯುಲೈಸರಿನಲ್ಲಿ ಹಬೆಯಾಗಿ ಕೊಟ್ಟರೆ ಸಣ್ಣ ಪ್ರಮಾಣದ ರಕ್ತ ಬೇಗ ನಿಲ್ಲುತ್ತದೆ ಎಂಬುದು ಪ್ರಯೋಗದಲ್ಲಿ ಕಂಡಿದೆ. ತೀವ್ರವಾದದ್ದಕ್ಕೆ ಇದೊಂದನ್ನೇ ನಂಬಿ ಕೂರುವಂತಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು, ಕವಾಟ ಬದಲಿಸಿಕೊಂಡವರು ತಾವು ನುಂಗುವ ಮಾತ್ರೆಗಳ ಪಟ್ಟಿ ತೋರಿಸಲೇಬೇಕು. ರಕ್ತ ತೆಳುಮಾಡುವ ಮಾತ್ರೆಯ ಪರಿಣಾಮ ಇಳಿಸುವ ಔಷಧ ಬೇಕಾಗಬಹುದು.

ಉಸಿರು ಹಿಡಿತಕ್ಕೆ ಬಂದ ಮೇಲೆ ಹುಡುಕಾಟ. ಸಿ.ಟಿ. ಆಂಜಿಯೋಗ್ರಾಂ ಈಗ ಮೊದಲ ಆಯ್ಕೆ. ತೋಳಿನ ರಕ್ತನಾಳಕ್ಕೆ ಬಣ್ಣದ ದ್ರವ ಕೊಟ್ಟು ಎದೆಯ ಚಿತ್ರ ತೆಗೆದರೆ ಕುಳಿ ಎಲ್ಲಿದೆ, ಯಾವ ನಾಳ ಉಬ್ಬಿದೆ, ಅದು ಮಹಾಪಧಮನಿಯ ಯಾವ ಜಾಗದಿಂದ ಹೊರಟಿದೆ ಎಂಬ ನಕ್ಷೆಯೇ ಸಿಗುತ್ತದೆ. ಆ ನಕ್ಷೆ ಹಿಡಿದುಕೊಂಡು ಹೋಗಿ ನಾಳವನ್ನು ಒಳಗಿಂದಲೇ ಮುಚ್ಚುವ ಚಿಕಿತ್ಸೆಯ ಹೆಸರು ಬ್ರಾಂಕಿಯಲ್ ಆರ್ಟರಿ ಎಂಬೊಲೈಸೇಷನ್. ಫ್ರಾನ್ಸಿನ ರೇಡಿಯಾಲಜಿಸ್ಟ್ ಜಾಕ್ ರೆಮಿ 1970ರ ದಶಕದ ಆರಂಭದಲ್ಲಿ ಇದನ್ನು ತೋರಿಸಿಕೊಟ್ಟರು. ಅದಕ್ಕೆ ಮುಂಚೆ ಎದೆ ತೆರೆದು ಶ್ವಾಸಕೋಶದ ಭಾಗ ಕತ್ತರಿಸುವುದೇ ದೊಡ್ಡ ದಾರಿಯಾಗಿತ್ತು.

ಇಲ್ಲಿ ಎದೆಗೆ ಕತ್ತಿ ತಾಗುವುದಿಲ್ಲ. ರೋಗಿಗೆ ಅನೇಕ ವೇಳೆ ಎಚ್ಚರವೇ ಇರುತ್ತದೆ. ತೊಡೆಸಂದಿನಲ್ಲಿ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಪಧಮನಿಗೆ ಚುಚ್ಚಿ, ಎರಡು ಮಿಲಿಮೀಟರಿಗಿಂತ ಸಣ್ಣ ಕೊಳವೆಯನ್ನು ಪರದೆಯ ಮೇಲೆ ನೋಡುತ್ತ ನೋಡುತ್ತ ಎದೆಯವರೆಗೆ ಏರಿಸುತ್ತಾರೆ. ಎದೆಯ ಐದನೆಯ, ಆರನೆಯ ಬೆನ್ನುಮೂಳೆಯ ಮಟ್ಟದಲ್ಲಿ ಆ ನಾಳಗಳ ಬಾಯಿ ಸಿಗುತ್ತದೆ. ಬಣ್ಣ ಬಿಟ್ಟೊಡನೆ ಕೆಟ್ಟ ನಾಳ ಪರದೆಯ ಮೇಲೆ ಗೋಜಲಾಗಿ, ದಪ್ಪವಾಗಿ ಎದ್ದು ಕಾಣುತ್ತದೆ. ಅದರೊಳಗೆ ಇನ್ನೂ ತೆಳುವಾದ ಕೊಳವೆ ತೂರಿಸಿ, ಸಾಮಾನ್ಯವಾಗಿ 300ರಿಂದ 500 ಮೈಕ್ರಾನ್ ಗಾತ್ರದ, ಅಂದರೆ ಅರ್ಧ ಮಿಲಿಮೀಟರ್ ಮೀರದ ಕಣಗಳನ್ನು ದ್ರವದೊಂದಿಗೆ ನಿಧಾನವಾಗಿ ಬಿಡುತ್ತಾರೆ. ಹರಿವು ತಗ್ಗುತ್ತದೆ, ನಿಲ್ಲುತ್ತದೆ.

ಕಣದ ಗಾತ್ರದ ಆಯ್ಕೆ ಸುಮ್ಮನೆ ಬಂದದ್ದಲ್ಲ. ತೀರ ಸಣ್ಣದಾದರೆ ಅದು ಒಳಗಿನ ಅಡ್ಡದಾರಿಗಳಲ್ಲಿ ನುಸುಳಿ ಬೇಡದ ಕಡೆ ಹೋಗುತ್ತದೆ, ಶ್ವಾಸನಾಳದ ಗೋಡೆಯೇ ಕೊಳೆಯಬಹುದು. ಲೋಹದ ಸುರುಳಿ ಹಾಕಿ ನಾಳದ ಬಾಯಿಯನ್ನೇ ಮುಚ್ಚಿದರೆ ಕೆಲಸ ಸುಲಭ, ಆದರೆ ಮುಂದೆ ಮತ್ತೆ ರಕ್ತ ಬಂದಾಗ ಒಳಗೆ ಹೋಗಲು ಬಾಗಿಲಿರುವುದಿಲ್ಲ. ಬಹುಮಂದಿ ತಜ್ಞರು ಅದಕ್ಕೇ ಕಣಗಳನ್ನು ಬಯಸುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಭಯಪಡಬೇಕಾದ ಅಪಾಯ ಒಂದಿದೆ, ಅಪರೂಪದ್ದು. ಬೆನ್ನುಹುರಿಗೆ ರಕ್ತ ಕೊಡುವ ನಾಳ ಕೆಲವರಲ್ಲಿ ಇದೇ ಬುಡದಿಂದ ಕವಲೊಡೆಯುತ್ತದೆ. ಕಣ ಅಲ್ಲಿಗೆ ಹೋದರೆ ಕಾಲಿನ ಸ್ವಾಧೀನ ತಪ್ಪಬಹುದು. ಆದ್ದರಿಂದ ವೈದ್ಯರು ಕಣ ಬಿಡುವ ಮೊದಲು ಚಿತ್ರವನ್ನು ಮತ್ತೆ ಮತ್ತೆ ನೋಡುತ್ತಾರೆ. ಹೊರಗೆ ಕಾಯುವವರಿಗೆ ಅದು ಬಹಳ ಹೊತ್ತು ಅನ್ನಿಸುತ್ತದೆ. ಚಿಕಿತ್ಸೆಯ ನಂತರ ಕೆಲವು ದಿನ ಎದೆನೋವು, ನುಂಗುವಾಗ ನೋವು ಇರುವುದು ಸಾಮಾನ್ಯ, ತಾನೇ ಹೋಗುತ್ತದೆ.

ಫಲಿತಾಂಶ? ಪ್ರಕಟವಾದ ವರದಿಗಳಲ್ಲಿ ನೂರರಲ್ಲಿ 70ರಿಂದ 99 ಮಂದಿಗೆ ರಕ್ತ ಕೂಡಲೇ ನಿಂತಿದೆ. ಇಷ್ಟನ್ನೇ ಹೇಳಿ ಕಳಿಸುವ ಆಸ್ಪತ್ರೆಗಳ ಮೇಲೆ ನನ್ನ ಆಕ್ಷೇಪವಿದೆ, ಏಕೆಂದರೆ ಇನ್ನೊಂದು ಅಂಕಿಯೂ ಅದೇ ವರದಿಗಳಲ್ಲಿದೆ: ನೂರರಲ್ಲಿ 10ರಿಂದ 57 ಮಂದಿಗೆ ಮತ್ತೆ ರಕ್ತ ಬಂದಿದೆ. ಬೇಗ ಮರುಕಳಿಸಿದರೆ ಪಕ್ಕೆಲುಬಿನ ಕಡೆಯಿಂದಲೋ ಭುಜದ ಕಡೆಯಿಂದಲೋ ಬಂದು ಸೇರಿದ್ದ ಇನ್ನೊಂದು ನಾಳ ಕಣ್ತಪ್ಪಿರುತ್ತದೆ. ತಿಂಗಳುಗಳ ಮೇಲೆ ಬಂದರೆ ಒಳಗಿನ ಕಾಯಿಲೆ ಇನ್ನೂ ಬೆಳೆಯುತ್ತಿದೆ ಎಂದರ್ಥ. ಅಪರೂಪಕ್ಕೆ, ಒಡೆದಿರುವುದು ಕಡಿಮೆ ಒತ್ತಡದ ಮೊದಲನೆಯ ಸಾಲೇ ಆಗಿರುತ್ತದೆ. ಕ್ಷಯದ ಕುಳಿಯ ಗೋಡೆಯಲ್ಲಿ ಶ್ವಾಸಕೋಶದ ಅಪಧಮನಿ ಉಬ್ಬಿ ಒಡೆಯುವುದನ್ನು ಡೆನ್ಮಾರ್ಕಿನ ರಾಸ್ಮುಸೆನ್ 1868ರಲ್ಲೇ ವಿವರಿಸಿದ್ದರು. ಅದಕ್ಕೆ ಹೋಗುವ ದಾರಿ ಬೇರೆ, ಅಭಿಧಮನಿಯಿಂದ ಹೃದಯದ ಬಲಭಾಗ ದಾಟಿ. ಸಿ.ಟಿ. ಮೊದಲೇ ಆಗಿದ್ದರೆ ಇದು ಮುಂಚೆಯೇ ತಿಳಿಯುತ್ತದೆ.

ಶಸ್ತ್ರಚಿಕಿತ್ಸೆ ಹೋಗಿಲ್ಲ, ಸಾಲಿನಲ್ಲಿ ಹಿಂದೆ ನಿಂತಿದೆ. ರಕ್ತ ಸುರಿಯುವಾಗಲೇ ಎದೆ ತೆರೆದರೆ ಸಾವಿನ ಪ್ರಮಾಣ ಬಹಳ ಹೆಚ್ಚು. ಎಂಬೊಲೈಸೇಷನ್‌ನಿಂದ ರಕ್ತ ನಿಲ್ಲಿಸಿ, ರೋಗಿ ಚೇತರಿಸಿಕೊಂಡ ಮೇಲೆ, ಬೂಷ್ಟಿನ ಉಂಡೆ ಇರುವ ಅಥವಾ ಒಂದೇ ಕಡೆ ಹಾಳಾದ ಭಾಗವನ್ನು ತೆಗೆದರೆ ಫಲ ಚೆನ್ನಾಗಿರುತ್ತದೆ. ಉಳಿದ ಶ್ವಾಸಕೋಶಕ್ಕೆ ಒಬ್ಬ ಮನುಷ್ಯನನ್ನು ಸಾಕುವ ಶಕ್ತಿ ಇರಬೇಕು ಅಷ್ಟೆ. ಬೀಡಿ ಮತ್ತು ಒಲೆಯ ಹೊಗೆ ಕುಡಿದ ಶ್ವಾಸಕೋಶಗಳಲ್ಲಿ ಅನೇಕಕ್ಕೆ ಅದಿರುವುದಿಲ್ಲ.

ಹೀಗಾಗಿ ಹೊರಗೆ ಕಳಿಸುವಾಗ ಕೇಳಬೇಕಾದ ಪ್ರಶ್ನೆ ‘ಯಾವ ಆಸ್ಪತ್ರೆ ದೊಡ್ಡದು’ ಎಂಬುದಲ್ಲ. ಪರದೆಯ ಮೇಲೆ ನೋಡುತ್ತ ನಾಳದೊಳಗೆ ಕೊಳವೆ ಏರಿಸುವ ಕ್ಯಾಥ್‌ಲ್ಯಾಬ್ ಇದೆಯೇ, ಈ ನಾಳ ಮುಚ್ಚಬಲ್ಲ ರೇಡಿಯಾಲಜಿಸ್ಟ್ ಈ ಹೊತ್ತು ಸಿಗುತ್ತಾರೆಯೇ, ಐಸಿಯುವಿನಲ್ಲಿ ಹಾಸಿಗೆ ಇದೆಯೇ? ಹೃದಯದ ಸ್ಟೆಂಟ್ ಹಾಕುವ ಕಡೆಯೆಲ್ಲ ಈ ಕೆಲಸ ಮಾಡುವವರು ಇರಬೇಕೆಂದೇನಿಲ್ಲ. ಕಳಿಸುವ ವೈದ್ಯರು ಫೋನು ಮಾಡಿ ಇದನ್ನು ಖಚಿತ ಮಾಡಿಕೊಂಡ ಮೇಲೆ ಗಾಡಿ ಹೊರಡಲಿ. ಜೊತೆಯಲ್ಲಿ ಆಯುಷ್ಮಾನ್ ಕಾರ್ಡು, ರೇಷನ್ ಕಾರ್ಡು, ಹಳೆಯ ಎಕ್ಸ್‌ರೇ, ರಕ್ತದ ಗುಂಪು, ರಕ್ತ ಕೊಡಬಲ್ಲ ಇಬ್ಬರು.

ರಕ್ತ ನಿಂತು ಮನೆಗೆ ಬಂದವರಿಗೆ ಕೆಲಸ ಬಾಕಿಯಿದೆ. ಕಣಗಳು ಮುಚ್ಚಿದ್ದು ನಾಳವನ್ನು, ಕಾಯಿಲೆಯನ್ನಲ್ಲ. ಕಫವನ್ನು ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಯಂತ್ರದಲ್ಲಿ ಪರೀಕ್ಷಿಸಿ ಕ್ಷಯ ಇದೆಯೇ, ಇದ್ದರೆ ಮುಖ್ಯ ಔಷಧ ನಾಟುತ್ತದೆಯೇ ನೋಡಬೇಕು. ಸರ್ಕಾರಿ ವ್ಯವಸ್ಥೆಯಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ ಕೊಡುವ ಮೊತ್ತ 2024ರ ನವೆಂಬರಿನಿಂದ 500ರಿಂದ 1,000 ರೂಪಾಯಿಗೆ ಏರಿದೆ. ಕೆಲಸ ಹುಡುಕಿ ತೋಟದಿಂದ ತೋಟಕ್ಕೆ ಹೋಗುವವರು ಜಾಗ ಬದಲಿಸಿದರೂ ಮಾತ್ರೆ ತಪ್ಪಿಸಬೇಕಾಗಿಲ್ಲ. ಕ್ಷಯ ರೋಗಿಗಳ ಸರ್ಕಾರಿ ದಾಖಲೆಯಾದ ನಿಕ್ಷಯ್‌ನ ನೋಂದಣಿ ಸಂಖ್ಯೆ ಹೇಳಿದರೆ ಹೊಸ ಊರಿನ ಆರೋಗ್ಯ ಕೇಂದ್ರದಲ್ಲಿ ಮುಂದುವರಿಯುತ್ತದೆ. ಬ್ರಾಂಕಿಯೆಕ್ಟಸಿಸ್ ಇರುವವರು ದಿನವೂ ಕಫ ಹೊರಹಾಕುವ ಉಸಿರಿನ ವ್ಯಾಯಾಮ ಕಲಿಯಬೇಕು, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಯ ಬಗ್ಗೆ ಕೇಳಬೇಕು. ಬೀಡಿಯ ವಿಷಯ ಹೇಳುವುದೇ ಬೇಡ.

ಡಿಸ್ಚಾರ್ಜ್ ಚೀಟಿಯ ಜೊತೆ ಎಂಬೊಲೈಸೇಷನ್ನಿನ ವರದಿಯನ್ನೂ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಯಾವ ನಾಳ, ಯಾವ ಕಡೆ, ಯಾವ ಗಾತ್ರದ ಕಣ ಎಂಬುದು ಅದರಲ್ಲಿರುತ್ತದೆ. ಮತ್ತೆ ರಕ್ತ ಬಂದರೆ ಮುಂದಿನ ವೈದ್ಯರು ಮೊದಲಿನಿಂದ ಹುಡುಕದೆ ಅಲ್ಲಿಂದಲೇ ಶುರುಮಾಡುತ್ತಾರೆ. ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಒಲೆಯ ಮೇಲಿನ ಅಟ್ಟಕ್ಕೆ ಹತ್ತಿರವಾದರೂ ಸರಿ, ಒಣ ಜಾಗದಲ್ಲಿಡಿ. ಇಲ್ಲಿಯ ಮಳೆಗಾಲದಲ್ಲಿ ಎಕ್ಸ್‌ರೇ ಫಿಲಂಗೂ ಬೂಷ್ಟು ಹಿಡಿಯುತ್ತದೆ.